ಅತಿಥಿಗಳು ಇಳಿದ ಮೇಲೆ ಕಟ್ಟೆ

ನಾಳೆ ಸಂಜೆ ತೋರಣಗಲ್ಲಿನ ಹತ್ತಿರದ ಕಾರ್ಖಾನೆ ಟೌನ್‌ಶಿಪ್ ಸಭಾಂಗಣದಲ್ಲಿ, ಮುಂಬೈಯಿಂದ ಬಂದಿರುವ ವಾದ್ಯವೃಂದದ ಜೊತೆ ನನ್ನ ಅಕ್ಕ ಪಿಟೀಲು ನುಡಿಸಬೇಕು. ನಮ್ಮ ಹೊಸಪೇಟೆ ಕಡೆ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು. ಇದು ಅದಲ್ಲ. ಸಾಲುಸಾಲು ಪಿಟೀಲು, ಕೊಳಲು, ತುತ್ತೂರಿ, ನಡುವೆ ಕೋಲು ಹಿಡಿದ ನಿರ್ದೇಶಕರು. ಅವರೆಲ್ಲರ ಮುಂದೆ ಒಬ್ಬಳೇ ನುಡಿಸುವವಳು ಅಕ್ಕ. ಕಮಲಾಪುರದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕಲಿತವಳು. ಇಂಥ ಅವಕಾಶ ಇನ್ನೊಮ್ಮೆ ಬರುತ್ತದೆಂದು ಮನೆಯಲ್ಲಿ ಯಾರೂ ನಂಬಿಲ್ಲ.

ನಿನ್ನೆಯ ತಾಲೀಮಿಗೆ ನಾನೂ ಹೋಗಿದ್ದೆ, ತಮ್ಮನಾಗಿ, ವರದಿಗಾರನಾಗಿ ಅಲ್ಲ. ಅಕ್ಕನ ಸುದ್ದಿ ನಾನು ಬರೆಯುವುದಿಲ್ಲ ಎಂದು ಪತ್ರಿಕೆಯ ಡೆಸ್ಕಿಗೆ ಮೊದಲೇ ಹೇಳಿದ್ದೆ.

ನಮ್ಮ ಪದ್ಧತಿಯಲ್ಲಿ ಪಿಟೀಲು ನುಡಿಸುವವರು ನೆಲದ ಮೇಲೆ ಕೂರುತ್ತಾರೆ. ವಾದ್ಯದ ತುದಿ ಬಲಪಾದದ ಮೇಲೆ ಊರಿರುತ್ತದೆ. ಹಾಗಾಗಿ ಎಡಗೈ ತಂತಿಯ ಮೇಲೆ ನಿರಾಳವಾಗಿ ಜಾರಾಡುತ್ತದೆ, ಗಮಕ ಹುಟ್ಟುವುದು ಅಲ್ಲಿ. ನಿರ್ದೇಶಕರಿಗೆ ಇದು ಗೊತ್ತಿತ್ತು. ವಾದ್ಯವೃಂದದ ಕುರ್ಚಿಗಳ ಎತ್ತರಕ್ಕೆ ಒಂದು ಹಲಗೆಯ ಕಟ್ಟೆ ಹಾಕಿಸಿ, ತಮ್ಮ ಕೋಲು ಅಕ್ಕನಿಗೆ ಕಾಣಬೇಕು ಎಂದಷ್ಟೇ ಕೇಳಿದರು.

ಸಾಂಸ್ಕೃತಿಕ ಸಮಿತಿಯ ಅಧ್ಯಕ್ಷರು ಒಪ್ಪಲಿಲ್ಲ. ಭಾಷಣ, ಸನ್ಮಾನ ಮುಗಿದ ಮೇಲೂ ಅತಿಥಿಗಳಾಗಿ ಬಂದ ಸಾಹೇಬರು ವೇದಿಕೆಯ ಸೋಫಾದಲ್ಲೇ ಕೂತು ಸಂಗೀತ ಕೇಳುವುದು ಅವರ ರೂಢಿ.

“ನೀವು ಕಟ್ಟಿ ಮ್ಯಾಲ ಕುಂತ್ರ ಸಾಹೇಬ್ರಿಗಿಂತ ಎತ್ತರ ಆಗ್ತೀರಿ ಮೇಡಂ. ನಿಂತು ಬಾರಿಸ್ರಿ.”

“ನಿಂತ್ರ ಇನ್ನೂ ಎತ್ತರ ಆಗಲ್ಲೇನ್ರಿ?” ಎಂದೆ ನಾನು.

“ಸಾಹೇಬ್ರ ಮುಂದ ನಿಲ್ಲೋದು ಬ್ಯಾರೆ, ಕುಂದ್ರೋದು ಬ್ಯಾರೆ.”

ಅಕ್ಕ ಕಮಾನು ಕೆಳಗಿಟ್ಟಳು. “ಸರ, ನಿಂತ್ಕಂಡು ಹೋಗಾಕ ಇದೇನು ಶಿಫ್ಟ್ ಬಸ್ಸೇನ್ರಿ? ನಿಂತ್ರ ಪಿಟೀಲು ಹಿಡ್ಕಳ್ಳೋದ ಒಂದು ಕೆಲ್ಸ ಆಗ್ತೈತಿ. ಬಾರ್ಸೋದು ಯಾವಾಗ?”

“ಹಂಗಾದ್ರ ಬ್ಯಾಡ ಬಿಡ್ರಿ. ಅವರಾಗ ಯಾರರ ನಿಂತು ಬಾರಿಸ್ತಾರ. ನಿಮಗ ಶಾಲು ಹೊದಿಸ್ತೀವಿ.”

ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಈ ಭಾಗದ ಸಭೆಗಳನ್ನು ವರದಿ ಮಾಡುತ್ತಾ ಬಂದವನು ನಾನು. ಹಾಡುವವರು ಪರದೆಯ ಹಿಂದೆ ಬೆವರುತ್ತಾ ಕಾಯುವುದನ್ನು, ಸ್ವಾಗತ ಭಾಷಣಕ್ಕೇ ಸಂಜೆ ಮುಗಿಯುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ನುಡಿಸಬೇಕಾದವಳನ್ನು ನುಡಿಸಲು ಬಿಡದೆ ಶಾಲು ಹೊದಿಸುವ ಮಾತನ್ನು ಮಾತ್ರ ಅಂದೇ ಕೇಳಿದ್ದು.

ಅಕ್ಕ ಇಲ್ಲದೆ ಆ ಕೃತಿಯನ್ನು ನುಡಿಸುವುದಿಲ್ಲ ಎಂದು ನಿರ್ದೇಶಕರು ಕೋಲನ್ನು ಚೀಲಕ್ಕೆ ಹಾಕಿದರು. ಆಗ ಅಧ್ಯಕ್ಷರು ಫೋನು ಹಿಡಿದು ಹೊರಗೆ ಹೋಗಿ, ಹೊಸ ಏರ್ಪಾಡು ಹೇಳುತ್ತಾ ಬಂದರು. ಭಾಷಣ ಮುಗಿಸಿ ಅತಿಥಿಗಳು ವೇದಿಕೆಯಿಂದ ಇಳಿಯುತ್ತಾರೆ, ಅವರು ಇಳಿದ ಮೇಲೆ ಕಟ್ಟೆ. ಇಳಿಯುವುದು ತಡವಾದರೆ ಅಕ್ಕನ ಕೃತಿಗೆ ಕತ್ತರಿ, ಏಕೆಂದರೆ ವಾದ್ಯವೃಂದ ಅದೇ ರಾತ್ರಿ ರೈಲು ಹಿಡಿಯಬೇಕು.

“ಆತ್ರಿ,” ಎಂದಳು ಅಕ್ಕ. ಅವಳು ಅಷ್ಟು ಬೇಗ ಒಪ್ಪಿದ್ದಕ್ಕೂ ನನಗೆ ಸಿಟ್ಟು ಬಂತು.

ಪತ್ರಿಕೆಯ ಕಚೇರಿಗೆ ಮರಳಿದರೆ ‘ನಾಳೆಯ ಕಾರ್ಯಕ್ರಮ’ ತುಂಬುವ ಪಾಳಿ ನನ್ನದೇ. ಅದು ಸುದ್ದಿಯಲ್ಲ, ಊರು, ಜಾಗ, ಹೊತ್ತು ಹೇಳುವ ಒಂದು ಸಾಲು. ಆಮಂತ್ರಣದಲ್ಲಿ ಉದ್ಘಾಟನೆ ಐದಕ್ಕೆ, ಸಂಗೀತ ಏಳಕ್ಕೆ ಎಂದಿತ್ತು. ನಾನು ಬರೆದೆ: ತೋರಣಗಲ್ಲು, ವಾದ್ಯವೃಂದ ಮತ್ತು ಪಿಟೀಲು, ಸಂಜೆ ಏಳಕ್ಕೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಇಂದು ಬೆಳಿಗ್ಗೆ ಪತ್ರಿಕೆ ನೋಡಿದ ಅಧ್ಯಕ್ಷರು ಫೋನು ಮಾಡಿದರು.

“ಐದಕ್ಕ ಉದ್ಘಾಟನೆ ಐತಿ, ಹಾಕೇ ಇಲ್ಲಲ್ರೀ! ಊರಾಗಿನ ಮಂದಿಯೆಲ್ಲಾ ಏಳಕ್ಕ ಬಂದ್ರ, ಸಾಹೇಬ್ರು ಖಾಲಿ ಕುರ್ಚಿಗೆ ಮಾತಾಡ್ಬೇಕೇನು?”

“ಮಾತಾಡ್ಲಿ ಬಿಡ್ರಿ,” ಎಂದೆ. “ಜಲ್ದಿ ಇಳೀತಾರ.”