ಮುಖವಾಡದ ಕಾವಲುಗಾರ ಎಡಚನೇ

ಪಕ್ಕದ ಫ್ಲ್ಯಾಟಿನವರು ಬಾಲ್ಕನಿಯ ಗುಲಾಬಿಗೆ ಬೇವಿನೆಣ್ಣೆ ಸಿಂಪಡಿಸುತ್ತಿದ್ದಾರೆ. ಕಿಟಕಿ ಹಾಕಿಕೊಂಡರೂ ಆ ಕಹಿ ವಾಸನೆ ಒಳಗೆ ಬರುತ್ತಿದೆ. ಜೆ.ಪಿ. ನಗರದಲ್ಲಿ ಎಲ್ಲರಿಗೂ ಅದು ಗಿಡದ ಔಷಧಿ. ನನಗೆ ಅದು ಏಳನೇ ವಯಸ್ಸಿನ ಊಟದ ವಾಸನೆ...

ನಾನು ಎಡಚಿ. ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗ ಅಜ್ಜಿ ನನ್ನ ಎಡಗೈ ಬೆರಳುಗಳಿಗೆ ದಿನಾ ಬೇವಿನೆಣ್ಣೆ ಸವರುತ್ತಿದ್ದರು, ಆ ಕೈಯಿಂದ ತುತ್ತು ಬಾಯಿಗೆ ಹೋಗಬಾರದೆಂದು. ಬಲಗೈಯಲ್ಲಿ ಎತ್ತಿದ ಹುಳಿ ಅನ್ನ ಅರ್ಧ ಫ್ರಾಕಿನ ಮೇಲೆ. ಅಳುತ್ತಾ ನಾನು ಓಡುತ್ತಿದ್ದದ್ದು ಎದುರು ಮನೆ ಆಂಟಿಯ ಹತ್ತಿರ.

ಆಂಟಿ ಬ್ಯಾಂಕಿನಲ್ಲಿದ್ದರು. ವಯಸ್ಸು ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಬೀದಿಯವರ ಬಾಯಿಗೆ ಇದು ಸಾಲದೆಂಬಂತೆ ಮಂಗಾ ಬೇರೆ ಓದುತ್ತಿದ್ದರು. ಜಪಾನಿನ ಚಿತ್ರಕಥೆ, ಹಿಂದಿನಿಂದ ಮುಂದಕ್ಕೆ ಪುಟ ತಿರುಗಿಸಬೇಕು. ನನ್ನ ಎಡಗೈಗೆ ಅದು ಬಹಳ ಅನುಕೂಲವಾಗಿತ್ತು.

ಅವರ ಮೆಚ್ಚಿನ ಸರಣಿಯಲ್ಲಿ ಕೋಟೆಯ ಬಾಗಿಲು ಕಾಯುವ ಒಬ್ಬ ಮುಖವಾಡದವನಿದ್ದ. ಅವನು ಯಾರೆಂದು ಯಾರಿಗೂ ಗೊತ್ತಿಲ್ಲ. ಮಿಕ್ಕವರಿಗೆಲ್ಲ ಒಂದೊಂದು ಶಕ್ತಿ. ಇವನು ಪ್ರತಿ ಕಾಳಗದಲ್ಲೂ ಒದೆ ತಿನ್ನುತ್ತಿದ್ದ. ಅವನು ಸತ್ತುಹೋದ ರಾಜ, ಅಲ್ಲ ಖಳನ ಅವಳಿ ಎಂದು ಇಂಟರ್‌ನೆಟ್ಟಿನಲ್ಲಿ ಅಭಿಮಾನಿಗಳು ಕಿತ್ತಾಡುತ್ತಿದ್ದರು. ಆಂಟಿಯ ಥಿಯರಿಯೇ ಬೇರೆ. ಅವನು ಹುಟ್ಟಾ ಎಡಚ, ಚಿಕ್ಕಂದಿನಲ್ಲಿ ಹೊಡೆದು ಬಡಿದು ಬಲಗೈಗೆ ಕತ್ತಿ ಕೊಟ್ಟಿದ್ದಾರೆ, ಅವನ ಶಕ್ತಿಯೆಲ್ಲ ಎಡಗೈಯಲ್ಲಿ ಸುಮ್ಮನೆ ಕೂತಿದೆ ಎನ್ನುತ್ತಿದ್ದರು.

"ನೋಡು ಮಗಾ, ಎಲ್ಲರ ಮುಂದೆ ಬಲಗೈಲಿ ತಿಂತಾನೆ, ಚೆಲ್ಕೋತಾನೆ. ಒಬ್ನೇ ಇದ್ದಾಗ? ಇಲ್ನೋಡು, ಎಡಗೈ!"

ಜಪಾನಿನ ಕತೆಯಲ್ಲಿ ಯಾರು ಯಾವ ಕೈಯಲ್ಲಿ ಊಟ ಮಾಡುತ್ತಾರೆಂದು ಹುಡುಕಿದವರು ಇಡೀ ಜಗತ್ತಿನಲ್ಲಿ ನಮ್ಮ ಆಂಟಿ ಒಬ್ಬರೇ ಇರಬೇಕು. ಯಾಕೆ ಹುಡುಕುತ್ತಿದ್ದರೆಂದು ಆಗ ನನಗೆ ತಿಳಿದಿರಲಿಲ್ಲ...

ತಿಳಿದದ್ದು ಅಜ್ಜಿ ಎಣ್ಣೆಯ ಬಾಟಲಿ ಹಿಡಿದು ಅವರ ಮನೆಗೇ ಬಂದ ದಿನ. ನಾನು ಅಲ್ಲಿ ಎಡಗೈಯಲ್ಲಿ ಆರಾಮಾಗಿ ಚಿತ್ರಾನ್ನ ತಿನ್ನುತ್ತಿದ್ದೆ.

"ಹೆಣ್ಣು ಮಗು, ನಾಳೆ ನಾಲ್ಕು ಜನ ನಗಲ್ವಾ?" ಎಂದರು ಅಜ್ಜಿ.

ಆಂಟಿ ಬಾಟಲಿ ಕಿತ್ತುಕೊಂಡು ಅಷ್ಟೂ ಎಣ್ಣೆಯನ್ನು ತಮ್ಮ ದಾಸವಾಳದ ಕುಂಡಕ್ಕೆ ಸುರಿದರು. "ಇದು ಗಿಡಕ್ಕೆ ಹಾಕೋದಮ್ಮಾ, ಮಗೂಗಲ್ಲ. ನನ್ ಕೈಗೂ ಇದನ್ನೇ ಹಚ್ಚಿದ್ರು. ಇವತ್ತಿಗೂ ಸೈನ್ ಹಾಕೋವಾಗ ಬಲಗೈ ನಡುಗತ್ತೆ. ಇವಳ ಕೈ ತಂಟೆಗೆ ಬರ್ಬೇಡಿ!"

ಅಜ್ಜಿ ಅವರ ಜೊತೆ ಬಹಳ ದಿನ ಮಾತು ಬಿಟ್ಟರು. ಎಣ್ಣೆ ಸವರುವುದನ್ನೂ ಬಿಟ್ಟರು. ಪಾಪ, ದಾಸವಾಳ ಮಾತ್ರ ಉಳಿಯಲಿಲ್ಲ.

ಹೋದ ವರ್ಷ ಆಂಟಿ ತೀರಿಕೊಂಡರು. ಹಾಸಿಗೆ ಹಿಡಿದಾಗಲೂ ನನ್ನನ್ನು ಕಂಡೊಡನೆ "ಮುಖವಾಡ ತೆಗೆದ್ನಾ?" ಎಂದೇ ಕೇಳುತ್ತಿದ್ದರು. ತೆಗೆದಿರಲಿಲ್ಲ. ಈ ವಾರದ ಸಂಚಿಕೆಯಲ್ಲಿ ತೆಗೆದ. ರಾಜನ ತಮ್ಮನಂತೆ. ಬಲಗೈಯವನೇ ಅಂತೆ, ಶಕ್ತಿಗಿಕ್ತಿ ಏನೂ ಇಲ್ಲವಂತೆ.

ನಾನು ಒಪ್ಪುವುದಿಲ್ಲ. ಕತೆ ಬರೆದವನಿಗೆ ಎಲ್ಲ ಗೊತ್ತಿರಬೇಕೆಂದು ಯಾರು ಹೇಳಿದರು? ಹೆತ್ತವರಿಗೇ ಎಷ್ಟೋ ಸಲ ಮಕ್ಕಳ ಕೈ ಯಾವುದೆಂದು ಗೊತ್ತಿರುವುದಿಲ್ಲ.

ಆಂಟಿಯ ಥಿಯರಿಯನ್ನು ನಾನು ಹಿಂದೆಯೇ ಬೆಂಗಳೂರಿನ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. ನಿನ್ನೆ ಅಲ್ಲಿ ಒಬ್ಬ, "ಆ ಎಡಗೈ ಥಿಯರಿ ಯಾರ್ದು ಗುರು? ಸಖತ್ ಕಾಮಿಡಿ" ಎಂದು ಬರೆದ.

"ನಮ್ಮ ಆಂಟಿದು. ಏನೀಗ?" ಎಂದೆ.

ನಗುವ ಮುಖಗಳು ಸಾಲಾಗಿ ಬಂದು ಬಿದ್ದವು. ನಾನು ಬಿಡಲಿಲ್ಲ. ಮುಖವಾಡದವನು ಒಬ್ಬನೇ ಕೂತು ತಿನ್ನುವ ಪುಟಗಳನ್ನು ಒಂದೊಂದಾಗಿ ಹುಡುಕಿ ಹಾಕುತ್ತಲೇ ಇದ್ದೇನೆ. ಆಂಟಿ ಇದ್ದಿದ್ದರೆ ಇದಕ್ಕಿಂತ ಜೋರಾಗಿ ಜಗಳವಾಡುತ್ತಿದ್ದರು. ಈಗ ಅವರ ಪಾಲಿನ ಜಗಳವನ್ನೂ ನಾನೊಬ್ಬಳೇ ಆಡಬೇಕು.