ಲಗ್ನಕ್ಕೆ ಹೋದ ಗಾಡಿ

ಅಬೀದಾ ದುರ್ಗದಬೈಲು ಪೇಟೆಯ ಅಂಗಡಿಗಳಿಗೆ ರವಿಕೆ ಹೊಲಿದು ಕೊಡುವವಳು. ಅವಳಿರುವುದು ಹುಬ್ಬಳ್ಳಿಯ ಅಂಚಿನ ಹೊಸ ಬಡಾವಣೆಯಲ್ಲಿ. ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸ್ಸು ಬೆಳಕು ಹರಿಯುವಾಗೊಮ್ಮೆ, ಕತ್ತಲಾಗುವಾಗೊಮ್ಮೆ ಬರುತ್ತಿತ್ತು. ಅಂಗಡಿ ತೆರೆದಿರುವ ಹೊತ್ತಿಗೆ ಮುಟ್ಟಬೇಕೆಂದರೆ ಬಟ್ಟೆಯ ಗಂಟು ಹೊತ್ತು ದೊಡ್ಡ ರಸ್ತೆಯವರೆಗೆ ನಡೆಯಬೇಕು.

ನೆರೆಮನೆಯ ಹನುಮವ್ವನನ್ನು ಕರೆದುಕೊಂಡು ಅವಳು ಬಡಾವಣೆ ಸಮಿತಿಯ ಅಧ್ಯಕ್ಷ ಗುರುಶಿದ್ದಪ್ಪನ ಮನೆಗೆ ಹೋದಳು.

"ದೊಡ್ಡ ಬಸ್ ಬ್ಯಾಡ್ರಿ. ಸಣ್ಣದೊಂದು ಗಾಡಿ ಸಾಕು. ಫೋನ್ ಮಾಡಿದ್ರ ಓಣ್ಯಾಗ ಬಂದು ಹತ್ತಿಸ್ಕೊಂಡು ಹೋಗ್ಲಿ."

ತಿಂಗಳುಗಟ್ಟಲೆ ಓಡಾಡಿಸಿದ ಮೇಲೆ ಸರಕಾರದ ಅನುದಾನದಲ್ಲಿ ಗಾಡಿ ಬಂತು. ಪೆಂಡಾಲು, ರಿಬ್ಬನ್ನು, ಉದ್ದುದ್ದ ಭಾಷಣ. ಕೆಲವು ದಿನ ಕರೆದಾಗೆಲ್ಲ ಬಂತು. ಆಮೇಲೆ ಫೋನು ಎತ್ತುವವರೇ ಇಲ್ಲ. ಕೇಳಿದರೆ ರಿಪೇರಿಗೆ ಹೋಗಿದೆ ಎಂದರು.

ಒಂದು ಮಧ್ಯಾಹ್ನ ಅಬೀದಾ ಗಂಟು ಹೊತ್ತು ನಡೆಯುತ್ತಿದ್ದಾಗ ಕಲ್ಯಾಣಮಂಟಪದ ಮುಂದೆ ಅದೇ ಗಾಡಿ ನಿಂತಿತ್ತು, ಮೈತುಂಬ ಚೆಂಡು ಹೂವು. ಅವಳು ಸೀದಾ ಹತ್ತಿ ಕೂತಳು.

ಡ್ರೈವರ್ ಫಕೀರೇಶ ಮುಖ ತಗ್ಗಿಸಿದ. "ಅಕ್ಕಾರ, ಅಧ್ಯಕ್ಷರ ಮಗಳ ಲಗ್ನ ಐತ್ರಿ. ನನ್ನ ಕೈಯಾಗ ಏನೂ ಇಲ್ರಿ."

"ನಿನಗೇನೂ ಅನ್ನಂಗಿಲ್ಲಪಾ. ಅವರನ್ನ ಕರಿ."

ಗುರುಶಿದ್ದಪ್ಪ ಜರಿಪೇಟ ಸರಿಪಡಿಸಿಕೊಳ್ಳುತ್ತ ಬಂದ. "ಇಳೀರಿ ಬಾಯಾರ. ಬೀಗರು ನೋಡಾಕತ್ತಾರ. ಬಾಯಿ ಸಿಹಿ ಮಾಡ್ಕೊಂಡು ಹೋಗ್ರಿ," ಎಂದು ತಟ್ಟೆಯಲ್ಲಿ ಲಾಡು ತರಿಸಿದ. ತುಪ್ಪ ಜಿನುಗುವ ಲಾಡು, ಅದರ ಹಿಂದೆ ಅವನ ಹಲ್ಲು. ಅಬೀದಾ ತಟ್ಟೆಯನ್ನು ಆಚೆ ತಳ್ಳಿದಳು.

"ಮಂದಿ ಗಾಡಿ ನುಂಗಿ ನನಗ ಲಾಡು ತಿನ್ನಸ್ತೀರೇನ್ರಿ? ರಿಪೇರಿ ಇಲ್ಲೇ ನಡದೈತೇನು?"

ಮೆಟ್ಟಿಲ ಮೇಲೆ ಬೀಗರು ನೆರೆದರು. ಯಾರೋ ಕಿಸಕ್ಕನೆ ನಕ್ಕರು. ಗುರುಶಿದ್ದಪ್ಪನ ಮುಖ ಕಪ್ಪಿಟ್ಟಿತು. "ಇವರನ್ನ ಪ್ಯಾಟಿಗೆ ಲಗೂ ಬಿಟ್ಟು ಬಾ," ಎಂದು ಫಕೀರೇಶನ ಮೇಲೆ ಹರಿಹಾಯ್ದ. ಹೂವು ಉದುರಿಸುತ್ತ ಆ ಗಾಡಿ ಅವಳೊಬ್ಬಳನ್ನೇ ದುರ್ಗದಬೈಲಿಗೆ ಒಯ್ದಿತು.

ಮರುವಾರ ಗಾಡಿಯ ಸೇವೆಯೇ ನಿಂತಿತು. ಜನರಿಂದ ಬೇಡಿಕೆಯೇ ಇಲ್ಲವೆಂದು ಸಮಿತಿ ತಿಳಿಸಿತು. ಹೆಂಗಸರು ಕೂಡಿ ಓಣಿಯ ಶಹಬಾಜನ ಟಂಟಂ ಆಟೊ ಗೊತ್ತು ಮಾಡಿಕೊಂಡರು. ಈಗ ಅದರಲ್ಲೇ ಒತ್ತೊತ್ತಾಗಿ ಕೂತು ಪೇಟೆಗೆ ಹೋಗುತ್ತಾರೆ.

ಮೊನ್ನೆ ಗುರುಶಿದ್ದಪ್ಪ ಅಬೀದಾಳ ಮನೆಗೇ ಬಂದಿದ್ದ. ಹೊಸ ಗಾಡಿ ಬರುವುದಂತೆ. ಉದ್ಘಾಟನೆಯಲ್ಲಿ ಬಡಾವಣೆ ಹೆಂಗಸರ ಪರವಾಗಿ ಅವಳು ನಾಲ್ಕು ಒಳ್ಳೆಯ ಮಾತಾಡಬೇಕಂತೆ.

"ನಿಮ್ಮ ಮಾರಿ ಕಂಡ್ರ ಹೇಸಿಗಿ ಬರ್ತೈತ್ರಿ," ಎಂದು ಅಬೀದಾ ಬಾಗಿಲು ಹಾಕಿಕೊಂಡಳು.