ಕಾರಿನ ಮೂತಿಗೆ ಕಂಬಳಿ ಕಟ್ಟಿದ್ದು

ವಿಜಯಪುರದ ಗಾಂಧಿ ಚೌಕದ ಹಿಂದಿನ ಗ್ಯಾರೇಜಿನಿಂದ ನಾವು ಹೊರಟಾಗ ಬಿಸಿಲು ಏರಿತ್ತು. ನಾನು, ನನ್ನ ಮಗ ಮಲ್ಲಪ್ಪ, ಅವನು ಕೊಂಡ ಹಳೇ ಕಾರು. ಕಾರಿಗೆ ಮಗನಿಗಿಂತ ವಯಸ್ಸು ಹೆಚ್ಚು. ಗುಜರಿಯಿಂದ ಬಾಗಿಲು ತಂದು ಕೂಡಿಸಿದ್ದರು, ಬಣ್ಣ ಮಗನೇ ಬಳಿದಿದ್ದ. ಹೊಸ ಬ್ಯಾಟರಿಗೆ ರೊಕ್ಕ ಸಾಲಲಿಲ್ಲ. ಒಮ್ಮೆ ಬಂದ್ ಆದರೆ ಮಂದಿ ಸೇರಿ ನೂಕಬೇಕು ಎಂದು ಮಿಸ್ತ್ರಿ ಹೇಳಿಯೇ ಕಳಿಸಿದ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ಆ ಗದ್ದಲದಲ್ಲಿ ನಾವು ಮಾರಲು ಒಯ್ಯುವ ಕಡಕ್ ರೊಟ್ಟಿ ಪುಡಿಯಾಗುತ್ತಿದ್ದವು. ಬಸ್ಸು ತಪ್ಪಿದ ದಿನ ತಡವೂ ಆಗುತ್ತಿತ್ತು. ಅದಕ್ಕೆಂದೇ ಈ ಕಾರು. ಇವತ್ತು ದೀಪ ಹಚ್ಚುವುದರೊಳಗೆ ರೊಟ್ಟಿ ಬರದಿದ್ದರೆ ಬೇರೆಯವರಿಗೆ ಹೇಳುತ್ತೇನೆ ಎಂದು ಗೋಳಗುಮ್ಮಟದ ಹತ್ತಿರದ ಖಾನಾವಳಿಯವನು ಹೇಳಿದ್ದ. ಬಬಲೇಶ್ವರದ ಮನೆಯಲ್ಲಿ ಸೊಸೆ ರತ್ನವ್ವ ನಸುಕಿನಿಂದ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಒಲೆ ಉರಿಯುವುದೇ ಆ ಗಿರಾಕಿಯಿಂದ.

ಕುರಿ ಕಾಯುವ ನಮ್ಮವರು ದೃಷ್ಟಿ ತಾಗಬಾರದೆಂದು ಗಾಡಿಯ ಮೂತಿಗೆ ಕರೀ ಕಂಬಳಿಯ ದಾರ ಕಟ್ಟುತ್ತಾರೆ. ಇಷ್ಟು ಹಳೇ ಗಾಡಿಗೆ ದಾರ ಯಾತಕ್ಕೂ ಸಾಲದು ಎಂದು ನಾನು ಅರ್ಧ ಕಂಬಳಿಯನ್ನೇ ಮಡಚಿ ಬಿಗಿದಿದ್ದೆ.

ಹಿಂದಿನ ಸೀಟು ಹೊಲಿಯಲು ತಿಕೋಟಾದಲ್ಲಿ ಕೊಟ್ಟಿದ್ದೆವು. ಅಲ್ಲಿ ಅಗ್ಗ. ಅದಕ್ಕೇ ಆ ದಾರಿ ಹಿಡಿದೆವು. ದ್ರಾಕ್ಷಿ ತೋಟ ಕಾಣುವಷ್ಟರಲ್ಲಿ ಕಾರಿನ ಮುಂದಿನಿಂದ ಹಬೆ ಎದ್ದಿತು. ಸುಟ್ಟ ವಾಸನೆ ಬಂತು. ಮಗ ಒಮ್ಮೆ ನನ್ನತ್ತ ನೋಡಿ ಗಾಡಿ ಓಡಿಸುತ್ತಲೇ ಇದ್ದ. ಸೀಟಿನ ಅಂಗಡಿಯ ಮುಂದೆ ಕಾರು ತಾನೇ ನಿಂತುಬಿಟ್ಟಿತು.

ಸೀಟು ಹೊಲಿಯುವ ರಸೂಲಸಾಬ ಹೊರಗೆ ಬಂದು ನೋಡಿದ.

"ಯಮ್ಮಾ, ಇದಕ್ಕ ಥಂಡಿ ಆಗೇತೇನ್ರಿ? ಗಾಳಿ ಹೋಗೂ ಜಾಗಕ್ಕ ಕಂಬಳಿ ಹೊಚ್ಚೀರಲ್ಲ."

ನಾನು ಮಗನ ಮುಖ ನೋಡಿದೆ. "ನಿನಗ ಗೊತ್ತಿತ್ತೇನಲೇ?"

"ಗೊತ್ತಿತ್ತು. ನೀ ಕಟ್ಟಿದ್ದು ನಾ ಹ್ಯಾಂಗ ಬಿಚ್ಚಲಿ, ಬೇ?"

"ಸುಟ್ಟು ಬೂದಿ ಆದ ಮ್ಯಾಲೆ ಬಿಚ್ಚಾಂವ ಇದ್ದಿ?"

ಕಂಬಳಿಯನ್ನು ನಾನೇ ಕಿತ್ತೆ. ಒಂದು ಎಳೆ ಮಾತ್ರ ಉಳಿಸಿ ಕಟ್ಟಿದೆ. ಎಂಜಿನ್ ಆರುವವರೆಗೆ ನೀರು ಹಾಕಬಾರದೆಂದು ರಸೂಲಸಾಬ ತಡೆದ. ಅಷ್ಟರಲ್ಲಿ ಸೀಟು ಕೂಡಿಸಿದ. ಚಹಾ ತರಿಸಿದ, ನನ್ನದನ್ನೂ ಮಗನಿಗೇ ಕೊಟ್ಟೆ. ನೆರಳು ಉದ್ದವಾಗುತ್ತಿತ್ತು. ಕೊನೆಗೆ ನೀರು ಹಾಕಿದ ಮೇಲೆ ಒಣದ್ರಾಕ್ಷಿ ಅಂಗಡಿಯ ಹಮಾಲರು ಬಂದು ನೂಕಿದರು. ಕಾರು ಗೊರಗೊರ ಎಂದು ಸುಮ್ಮನಾಯಿತು. ಮತ್ತೆ ನೂಕಿದರು. ಎಂಜಿನ್ ಚಾಲೂ ಆಯಿತು.

ಬಬಲೇಶ್ವರ ಮುಟ್ಟುವವರೆಗೆ ನಾನು ಆ ಸದ್ದನ್ನೇ ಕೇಳುತ್ತ ಕೂತಿದ್ದೆ. ರತ್ನವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಗನ ಕೈ ಚಾವಿಯತ್ತ ಹೋಯಿತು.

"ಬಂದ್ ಮಾಡಬ್ಯಾಡ," ಎಂದೆ. "ಆರತಿ ಆಮ್ಯಾಲೆ. ಮೊದಲ ಬುಟ್ಟಿ ತರ್ರಿ."

ಎಂಜಿನ್ ನಡೆಯುತ್ತಿರುವಾಗಲೇ ಬುಟ್ಟಿ ಏರಿಸಿದೆವು. ಲೆಕ್ಕ ಕೊಡಲು ರತ್ನವ್ವ ಹತ್ತಿದಳು. ನನಗೆ ಜಾಗ ಉಳಿಯಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಸದ್ದು ಕೇಳಿಸುವವರೆಗೆ ರಸ್ತೆಯಲ್ಲೇ ನಿಂತೆ.

ಹೊತ್ತು ಮುಳುಗುವಾಗ ರತ್ನವ್ವನ ಫೋನು ಬಂತು. "ರೊಟ್ಟಿ ತಗೊಂಡಾರ, ಅತ್ತೀ. ನಾಳೆನೂ ತರ್ರಿ ಅಂದಾರ," ಎಂದಳು.

ಆಮೇಲೆ ಅಡುಗೆಮನೆಗೆ ಹೋಗಿ ಒಡೆದ ರೊಟ್ಟಿ ತಿಂದೆ. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ.